ಎಫ್‌ಪಿಎಸ್ 50 ತೋರಿಸುತ್ತದೆ, ಆದರೂ ಆಟ ತಡವರಿಸುತ್ತದೆ: ವಿಚರ್ 3, ಜಿಟಿಎಕ್ಸ್ 1650 ಲ್ಯಾಪ್‌ಟಾಪ್

ಕೋಟೆಬಾಗಿಲು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. 2020ರಲ್ಲಿ ಕೊಂಡ ಲ್ಯಾಪ್‌ಟಾಪ್‌ನಲ್ಲಿ ‘ದಿ ವಿಚರ್ 3’ ಆಡುತ್ತಿದ್ದೇನೆ. ಇಂಟೆಲ್ ಐ5-9300ಎಚ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್, ವಿಂಡೋಸ್ ಇರುವ 256 ಜಿಬಿ ಎಸ್‌ಎಸ್‌ಡಿ, ಆಟವನ್ನು ಹಾಕಿರುವ 1 ಟಿಬಿ ಹಾರ್ಡ್ ಡಿಸ್ಕ್. ಪರದೆ 1080ಪಿ, 60 ಹರ್ಟ್ಸ್.

ಆಟ ಆರಂಭಿಸಿದ ಮೊದಲ ಹತ್ತು ಹದಿನೈದು ನಿಮಿಷ ಹೇಳುವಂಥ ತೊಂದರೆಯಿಲ್ಲ. ಅನಂತರ ಕುದುರೆಯ ಮೇಲೆ ಹೋಗುವಾಗ ದೃಶ್ಯವು ಕ್ಷಣ ನಿಂತು ಮುಂದಕ್ಕೆ ಹಾರಿದಂತಾಗುತ್ತದೆ, ನೊವಿಗ್ರಾಡ್ ನಗರದ ಮಾರುಕಟ್ಟೆಗೆ ಬಂದರೆ ನಡೆಯುವುದೇ ಕಷ್ಟವಾಗುತ್ತದೆ, ಮಾತುಕತೆಯ ದೃಶ್ಯಗಳಲ್ಲಿ ಧ್ವನಿ ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ. ವಿಚಿತ್ರವೆಂದರೆ ಪರದೆಯ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಬರುತ್ತಿದೆ ಎಂಬ ಎಣಿಕೆ) ಬಹಳ ಹೊತ್ತು 50ರ ಆಸುಪಾಸಿನಲ್ಲೇ ಇರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನು ‘ಹೈ’ನಿಂದ ‘ಲೋ’ವರೆಗೆ ಇಳಿಸಿದೆ. ಚಿತ್ರ ಕೆಟ್ಟಿತೇ ಹೊರತು ತಡವರಿಕೆ ಹೋಗಲಿಲ್ಲ, ಒಂದೆರಡು ಸಲ ಹೆಚ್ಚಾದಂತೆಯೂ ಅನಿಸಿತು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ಈಗ ಇಲ್ಲ. ಇದರಲ್ಲೇ ಸರಿಪಡಿಸಲು ದಾರಿ ಇದ್ದರೆ ದಯವಿಟ್ಟು ತಿಳಿಸಿ.

ವೇಗದೂತ

ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಒಂದು ಒಳ್ಳೆಯ ಗೇಮ್ ಬೂಸ್ಟರ್ ಹಾಕಿ, ಯೂಟ್ಯೂಬ್‌ನಲ್ಲಿ ಹೇಳಿಕೊಡುವ ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕೋಶ) ಬದಲಾವಣೆಗಳನ್ನು ಮಾಡಿಕೊಳ್ಳಿ. ನನಗೆ ಹೀಗೆಯೇ ಸರಿಹೋಗಿತ್ತು.

ಹಳೆಯಯಂತ್ರ

ಕೋಟೆಬಾಗಿಲು ಅವರೇ, ಅತ್ಯಂತ ಮುಖ್ಯವಾದ ಸುಳಿವನ್ನು ನೀವೇ ಕೊಟ್ಟಿದ್ದೀರಿ, ಆದರೆ ಅದನ್ನು ದೂರಿನಂತೆ ಬರೆದಿದ್ದೀರಿ. ಸೆಟ್ಟಿಂಗ್ ಇಳಿಸಿದರೂ ತಡವರಿಕೆ ಇಳಿಯಲಿಲ್ಲ ಎಂದರೆ ತಡವಾಗುತ್ತಿರುವುದು ಗ್ರಾಫಿಕ್ಸ್ ಚಿಪ್‌ನಿಂದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ನೆರಳು, ನೀರು, ಹುಲ್ಲುಗಳ ಗುಣಮಟ್ಟವನ್ನು ಇಳಿಸಿದಾಗ ಹಗುರವಾಗುವುದು ಮುಖ್ಯವಾಗಿ ಗ್ರಾಫಿಕ್ಸ್ ಚಿಪ್‌ನ ಕೆಲಸ. ನಗರದ ಜನಸಂದಣಿಯ ಚಲನೆ, ಯಾರು ಎಲ್ಲಿ ನಿಲ್ಲಬೇಕೆಂಬ ಲೆಕ್ಕ, ಪ್ರತಿ ಫ್ರೇಮ್‌ನಲ್ಲಿ ಏನೇನು ಬಿಡಿಸಬೇಕೆಂಬ ಆದೇಶಗಳ ಪಟ್ಟಿ, ಇವೆಲ್ಲ ಪ್ರೊಸೆಸರ್‌ನ ಪಾಲಿಗೆ ಬರುತ್ತವೆ.

ಇಳಿಸಿದಾಗ ಹೆಚ್ಚಾಯಿತು ಎಂಬುದೂ ನಿಮ್ಮ ಭ್ರಮೆ ಇರಲಾರದು. ಗ್ರಾಫಿಕ್ಸ್ ಚಿಪ್‌ನ ಕೆಲಸ ಹಗುರವಾದರೆ ಅದು ಮುಂದಿನ ಫ್ರೇಮ್‌ಗಾಗಿ ಬೇಗ ಕೈ ಚಾಚುತ್ತದೆ, ಆಗ ಪ್ರೊಸೆಸರ್ ಸೆಕೆಂಡಿಗೆ ಇನ್ನೂ ಹೆಚ್ಚು ಫ್ರೇಮ್‌ಗಳನ್ನು ಸಿದ್ಧಪಡಿಸಲು ಹೋಗಿ ಇನ್ನಷ್ಟು ಬಿಸಿಯಾಗುತ್ತದೆ. ಹದಿನೈದು ನಿಮಿಷದ ಬಳಿಕ ಶುರುವಾಗುತ್ತದೆ ಎಂಬ ಮಾತೂ ಶಾಖದ ಕಡೆಗೇ ಬೆರಳು ಮಾಡುತ್ತದೆ. ಉಷ್ಣಾಂಶ ಮತ್ತು ಪ್ರೊಸೆಸರ್ ವೇಗವನ್ನು ದಾಖಲಿಸುವ ಉಚಿತ ಸಾಫ್ಟ್‌ವೇರ್‌ಗಳು ಹಲವಿವೆ. ಒಂದನ್ನು ಹಾಕಿಕೊಂಡು ಅರ್ಧ ಗಂಟೆ ಆಡಿ, ಅಂಕಿಗಳನ್ನು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ.

ಶರಾವತಿ_ದಂಡೆ

ವೇಗದೂತರ ಮಾತಿಗೆ ಸಣ್ಣ ತಕರಾರು. ಗೇಮ್ ಬೂಸ್ಟರ್ ಎಂಬ ಹೆಸರಿನವು ಮಾಡುವ ಹೆಚ್ಚಿನ ಕೆಲಸವೆಂದರೆ ಹಿನ್ನೆಲೆಯ ಕಾರ್ಯಕ್ರಮಗಳನ್ನು ಮುಚ್ಚುವುದು. ಅದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನಾವೇ ಮಾಡಬಹುದು, ಅದಕ್ಕಾಗಿ ಇನ್ನೊಂದು ಕಾರ್ಯಕ್ರಮವನ್ನು ಹಿನ್ನೆಲೆಯಲ್ಲಿ ಸಾಕಬೇಕಿಲ್ಲ. ರಿಜಿಸ್ಟ್ರಿಯನ್ನು ಕಾರಣ ತಿಳಿಯದೆ ಮುಟ್ಟುವುದಂತೂ ಬೇಡವೇ ಬೇಡ, ಏಕೆಂದರೆ ಆರು ತಿಂಗಳ ನಂತರ ಬೇರೇನೋ ಕೆಟ್ಟಾಗ ಇಂದು ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ. ಡ್ರೈವರ್ ವಿಷಯದಲ್ಲಿ ಮಾತ್ರ ಅವರ ಸಲಹೆ ಸರಿ.

ಅಳೆಯುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಚಾರ್ಜರ್ ಸಿಕ್ಕಿಸಿರಬೇಕು, ಬ್ಯಾಟರಿಯ ಮೇಲೆ ಆಡಿದ ಅಂಕಿಗಳಿಗೆ ಅರ್ಥವಿಲ್ಲ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಈ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆಯ್ಕೆಯಾಗಿರಬೇಕು, ಇಲ್ಲದಿದ್ದರೆ ಕೆಲವೊಮ್ಮೆ ಪ್ರೊಸೆಸರ್‌ನ ಒಳಗಿರುವ ಇಂಟೆಲ್ ಗ್ರಾಫಿಕ್ಸ್ ಮೇಲೆಯೇ ಆಟ ನಡೆಯುತ್ತಿರುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆಗೆ ಬರುವ ರಿವಾಟ್ಯೂನರ್‌ನಲ್ಲಿ ಎಫ್‌ಪಿಎಸ್ ಮಾತ್ರವಲ್ಲದೆ ಫ್ರೇಮ್ ಟೈಮ್‌ನ, ಅಂದರೆ ಒಂದೊಂದು ಫ್ರೇಮ್‌ಗೆ ಹಿಡಿದ ಸಮಯದ, ಗೆರೆಯನ್ನೂ ಪರದೆಯ ಮೇಲೆ ಹಾಕಿಕೊಳ್ಳಿ.

ಕೋಟೆಬಾಗಿಲು

ಅಳೆದೆ. ಚಾರ್ಜರ್ ಇತ್ತು, ಆಟ ಜಿಟಿಎಕ್ಸ್ 1650 ಮೇಲೆಯೇ ನಡೆಯುತ್ತಿದೆ. ಮೊದಲ ಹನ್ನೆರಡು ನಿಮಿಷ ಪ್ರೊಸೆಸರ್ ವೇಗ 3.8 ಗಿಗಾಹರ್ಟ್ಸ್ ಸುತ್ತ ಇತ್ತು, ಉಷ್ಣಾಂಶ 80ರಿಂದ ಮೆಲ್ಲನೆ ಏರಿ 97 ಡಿಗ್ರಿ ಮುಟ್ಟಿತು. ಅಲ್ಲಿಂದ ಮುಂದೆ ವೇಗವು 1.1ಕ್ಕೆ ಬೀಳುವುದು, ಕೆಲವು ಸೆಕೆಂಡು ಕಳೆದು 3ರ ಮೇಲೆ ಏರುವುದು, ಮತ್ತೆ ಬೀಳುವುದು, ಒಟ್ಟಿನಲ್ಲಿ ಗರಗಸದ ಹಲ್ಲಿನಂತೆ ಗೆರೆ. ನಗರದಲ್ಲಿ ಗ್ರಾಫಿಕ್ಸ್ ಚಿಪ್‌ನ ಬಳಕೆ ಶೇ. 45ರಿಂದ 55 ಮಾತ್ರ. ಫ್ರೇಮ್ ಟೈಮ್ ಸಾಮಾನ್ಯವಾಗಿ 18ರಿಂದ 20 ಮಿಲಿಸೆಕೆಂಡ್ ಇದ್ದರೂ ನಡುನಡುವೆ 90, 120, ಒಮ್ಮೆ 300ರವರೆಗೂ ಜಿಗಿಯುತ್ತದೆ. ಕೋಣೆಯ ಬಿಸಿಲನ್ನೂ ಹೇಳಬೇಕಲ್ಲವೇ? ಇಲ್ಲಿ ಈಗ ಮಧ್ಯಾಹ್ನ 42 ಡಿಗ್ರಿ, ರಾತ್ರಿ ಒಂಬತ್ತಕ್ಕೂ ಗೋಡೆ ಬಿಸಿಯಾಗಿರುತ್ತದೆ.

ಹಳೆಯಯಂತ್ರ

ಅಲ್ಲಿಗೆ ಮೊದಲನೆಯ ಕಳ್ಳ ಸಿಕ್ಕ. ಆ ಪ್ರೊಸೆಸರ್‌ಗೆ ಇಂಟೆಲ್ ಇಟ್ಟಿರುವ ಮಿತಿ 100 ಡಿಗ್ರಿ. ಅದರ ಹತ್ತಿರಕ್ಕೆ ಬಂದೊಡನೆ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಈ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಸಾಮಾನ್ಯವಾಗಿ ಅವೇ ತಾಮ್ರದ ಕೊಳವೆಗಳು ಹಾದುಹೋಗಿರುತ್ತವೆ, ಆದ್ದರಿಂದ ಒಂದರ ಬಿಸಿಯನ್ನು ಇನ್ನೊಂದೂ ಉಣ್ಣಬೇಕಾಗುತ್ತದೆ. ಕೋಣೆಯ ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೈಸೂರಿನ ನನ್ನ ಕೋಣೆಯಲ್ಲಿ ಇದೇ ಲ್ಯಾಪ್‌ಟಾಪ್ ದೂರಿಲ್ಲದೆ ಓಡಿದರೂ ಆಶ್ಚರ್ಯವಿಲ್ಲ.

ಯಾರ ಕೈಗೂ ಕೊಟ್ಟು ಬಿಚ್ಚಿಸುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕಿ ಕಡಿಮೆಯಾದರೂ ಅದರಿಂದ ಟರ್ಬೊ, ಅಂದರೆ ಮೂಲ ವೇಗವನ್ನು ಮೀರಿ ಓಡುವ ವ್ಯವಸ್ಥೆ, ಪೂರ್ತಿ ನಿಂತುಹೋಗುತ್ತದೆ, ನಿಮ್ಮ ಪ್ರೊಸೆಸರ್ 4.1ರವರೆಗೆ ಓಡುವುದನ್ನು ಬಿಟ್ಟು ತನ್ನ ಮೂಲ ವೇಗವಾದ 2.4 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಮೂರಕ್ಕೂ ಒಂದಕ್ಕೂ ನಡುವೆ ಉಯ್ಯಾಲೆಯಾಡುವುದಕ್ಕಿಂತ ಸಮವಾಗಿ 2.4ರಲ್ಲಿ ನಡೆಯುವುದು ಕಣ್ಣಿಗೆ ಹಿತ. ದೊಡ್ಡ ತಡವರಿಕೆ ಇದರಿಂದ ಮಾಯವಾದರೆ ಶಾಖವೇ ಕಾರಣವೆಂದು ಖಚಿತ. ಆಮೇಲೆ ಧೂಳು ತೆಗೆಸಿ, ಚಿಪ್‌ನ ಬಿಸಿಯನ್ನು ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿ.

ಶರಾವತಿ_ದಂಡೆ

ವೋಲ್ಟೇಜ್ ಇಳಿಸಿಯೂ ಬಿಸಿ ಕಡಿಮೆ ಮಾಡಬಹುದಲ್ಲವೇ?

ಹಳೆಯಯಂತ್ರ

ಹಿಂದೆ ಅದೇ ಅತ್ಯುತ್ತಮ ಉಪಾಯವಾಗಿತ್ತು. ಆದರೆ 2019ರ ಡಿಸೆಂಬರ್‌ನಲ್ಲಿ ವೋಲ್ಟೇಜ್ ಬದಲಿಸುವ ಸೌಲಭ್ಯವನ್ನೇ ದುರುಪಯೋಗಿಸುವ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾ ದೋಷ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್‌ಗಳು ಆ ಬಾಗಿಲನ್ನು ಮುಚ್ಚಿಬಿಟ್ಟವು. ಅವರದರಲ್ಲಿ ತೆರೆದಿದ್ದರೆ ಸಂತೋಷ, ಆದರೆ ಅದಕ್ಕಾಗಿ ಹಳೆಯ ಬಯೋಸ್‌ಗೆ ಹಿಂದಿರುಗುವ ಸಾಹಸವನ್ನು ನಾನು ಹೇಳಲಾರೆ.

ಕಡಲಕರೆ

ಎಣಿಕೆ 50 ಇದ್ದರೂ ಕಣ್ಣಿಗೆ ಏಕೆ ತಡವರಿಕೆ ಕಾಣುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು, ಅದಕ್ಕೆ ಶಾಖವೊಂದೇ ಉತ್ತರವಲ್ಲ.

ಎಫ್‌ಪಿಎಸ್ ಎಂಬುದು ಒಂದು ಸೆಕೆಂಡಿನ ಸರಾಸರಿ. ಒಂದು ಫ್ರೇಮ್ 300 ಮಿಲಿಸೆಕೆಂಡ್ ತೆಗೆದುಕೊಂಡು, ಉಳಿದ 700ರಲ್ಲಿ ನಲವತ್ತು ಫ್ರೇಮ್‌ಗಳು ಸರಸರನೆ ಬಂದರೂ ಎಣಿಕೆ 41 ಎನ್ನುತ್ತದೆ, ಆದರೆ ನಿಮ್ಮ ಕಣ್ಣಿಗೆ ಕಾಣುವುದು ಆ ಒಂದು ನಿಲುಗಡೆ. 2011ರಲ್ಲಿ ‘ಟೆಕ್ ರಿಪೋರ್ಟ್’ ತಾಣದ ಸ್ಕಾಟ್ ವಾಸನ್ ಸೆಕೆಂಡಿನ ಒಳಗೆ ಇಣುಕಿ ಒಂದೊಂದು ಫ್ರೇಮ್‌ನ ಅವಧಿಯನ್ನು ಬರೆಯಲು ಆರಂಭಿಸಿದ ಮೇಲೆಯೇ ಗ್ರಾಫಿಕ್ಸ್ ಕಾರ್ಡ್ ವಿಮರ್ಶೆಗಳು ಈ ದಾರಿಗೆ ಹೊರಳಿದವು. ಆದ್ದರಿಂದ ಇನ್ನು ಮುಂದೆ 50, 55 ಎಂದು ಬರೆಯುವ ಬದಲು ಗೆರೆ ಎಷ್ಟು ಸಮವಾಗಿದೆ ಎಂಬುದನ್ನೇ ಬರೆಯಿರಿ.

ಎರಡನೆಯದು ಪರದೆಯ ಲೆಕ್ಕ. ನಿಮ್ಮ ಪರದೆ 60 ಹರ್ಟ್ಸ್, ಅಂದರೆ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಕೇಳುತ್ತದೆ. ವಿ-ಸಿಂಕ್ (ಫ್ರೇಮನ್ನು ಪರದೆಯ ಲಯಕ್ಕೆ ಕಾದು ತೋರಿಸುವ ಸೆಟ್ಟಿಂಗ್) ಇದ್ದು, ಫ್ರೇಮ್ 17 ಮಿಲಿಸೆಕೆಂಡಿಗೆ ಸಿದ್ಧವಾದರೆ ಬಸ್ಸು ಆಗಲೇ ಹೊರಟುಹೋಗಿರುತ್ತದೆ, ಅದು ಮುಂದಿನ ಬಸ್ಸಿಗೆ, ಅಂದರೆ 33.3ರವರೆಗೆ ಕಾಯಬೇಕು. ಸೆಕೆಂಡಿಗೆ ಸರಿಯಾಗಿ 50 ಫ್ರೇಮ್‌ಗಳು ಬಂದರೂ ಪರದೆ 60 ಬಾರಿ ಕೇಳುವುದರಿಂದ ಪ್ರತಿ ಐದರಲ್ಲಿ ಒಂದು ಫ್ರೇಮ್ ಎರಡು ಬಾರಿ ಕಾಣಿಸುತ್ತದೆ. ನಾಲ್ಕು ಹೆಜ್ಜೆ ಸರಾಗ, ಐದನೆಯದು ಕುಂಟು. ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದಾಗ ನಿಮಗೆ ಕಾಣುವ ಕುಲುಕಾಟ ಇದೇ ಆಗಿರಬಹುದು. ಫ್ರೀಸಿಂಕ್, ಜಿ-ಸಿಂಕ್ ಇರುವ ಪರದೆಗಳು ಫ್ರೇಮ್ ಸಿದ್ಧವಾಗುವವರೆಗೆ ಕಾಯುತ್ತವೆ, ನಿಮ್ಮ ಪರದೆ ಕಾಯುವುದಿಲ್ಲ. ಹಾಗಾಗಿ ನಿಮಗಿರುವುದು ಎರಡೇ ನೆಮ್ಮದಿಯ ತಾಣಗಳು: ಸದಾ 60, ಇಲ್ಲವೇ ಸದಾ 30. ರಿವಾಟ್ಯೂನರ್‌ನಲ್ಲಿ 30 ಎಫ್‌ಪಿಎಸ್ ಮೀರದಂತೆ ಬೇಲಿ ಹಾಕಿ ನೋಡಿ, ಪ್ರೊಸೆಸರ್‌ಗೂ ಬಿಡುವು ಸಿಗುತ್ತದೆ.

ವೇಗದೂತ

ಪಿಸಿಯಲ್ಲಿ 30 ಎಫ್‌ಪಿಎಸ್‌ಗೆ ಆಡುವುದಾದರೆ ಪಿಸಿ ಏಕೆ ಬೇಕು?

ಕಡಲಕರೆ

ಹೊಸದು ಕೊಳ್ಳುವ ಶಕ್ತಿ ಇಲ್ಲವೆಂದು ಅವರು ಮೊದಲ ಬರಹದಲ್ಲೇ ಹೇಳಿದ್ದಾರೆ. ಗುಂಡಿಕ್ಕುವ ಸ್ಪರ್ಧೆಯ ಆಟವಾಗಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ. ಇದು ಕತೆಯ ಆಟ, ಕುಂಟುವ 50ಕ್ಕಿಂತ ಸಮವಾದ 30 ಮೇಲು. ಅದೂ ಕಾಯಿಲೆ ಪತ್ತೆಯಾಗುವವರೆಗೆ ಮಾತ್ರ.

ಕೋಟೆಬಾಗಿಲು

ಐದು ದಿನಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲು 99ರ ಪರೀಕ್ಷೆ ಮಾಡಿದೆ. ಉಷ್ಣಾಂಶ 78 ದಾಟಲಿಲ್ಲ, ಒಂದು ಗಂಟೆ ಆಡಿದರೂ ವೇಗ 2.4ರಿಂದ ಕದಲಲಿಲ್ಲ, ಹದಿನೈದು ನಿಮಿಷದ ನಂತರ ಬರುತ್ತಿದ್ದ ಆ ದೊಡ್ಡ ಕುಸಿತ ಕಾಣಲಿಲ್ಲ. ಹೀಗಾಗಿ ಮರುದಿನ ಬಜಾರಿನ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು: ಫ್ಯಾನ್‌ಗೂ ಅದರ ಮುಂದಿನ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡಿನಂಥ ಧೂಳಿನ ಪದರ. ನಮ್ಮ ಮನೆ ದಾಲ್ ಮಿಲ್‌ನ ಹಿಂದಿನ ಓಣಿಯಲ್ಲಿದೆ, ತೊಗರಿ ಹೊಟ್ಟಿನ ನಯವಾದ ಪುಡಿ ವರ್ಷವಿಡೀ ಕಿಟಕಿಯಿಂದ ಬರುತ್ತದೆ. ಐದು ವರ್ಷಗಳಲ್ಲಿ ಒಮ್ಮೆಯೂ ತೆಗೆಸಿರಲಿಲ್ಲ. ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು.

ಈಗ 99ರ ಕಡಿವಾಣವಿಲ್ಲದೆ 84ರಿಂದ 87 ಡಿಗ್ರಿ, ವೇಗ 3.7ರ ಮೇಲೆ. ಆದರೆ ಪೂರ್ತಿ ಗುಣವಾಗಿಲ್ಲ. ಹೊಸ ಊರಿಗೆ ಹೋದಾಗ, ನಗರದ ಒಂದು ಬೀದಿಯಿಂದ ಇನ್ನೊಂದಕ್ಕೆ ತಿರುಗಿದಾಗ 100ರಿಂದ 300 ಮಿಲಿಸೆಕೆಂಡ್‌ನ ಎಡವು ಇದ್ದೇ ಇದೆ. ಇನ್ನೊಂದನ್ನು ಮೊದಲೇ ಹೇಳಬೇಕಿತ್ತು: ಉಳಿಸಿದ ಆಟವನ್ನು ತೆರೆಯುವಾಗ ಇಲ್ಲಿಯವರೆಗಿನ ಕತೆಯನ್ನು ಹೇಳುವ ಚಿತ್ರಪಟದಂಥ ವಿಡಿಯೊ ಬರುತ್ತದಲ್ಲ, ಅದೂ ನಡುನಡುವೆ ನಿಂತು ನಿಂತು ಓಡುತ್ತದೆ.

ಶರಾವತಿ_ದಂಡೆ

ಆ ವಿಡಿಯೊದ ಮಾತು ಬಹಳ ಉಪಯುಕ್ತ. ಅದು ಮೊದಲೇ ತಯಾರಾದ ಚಿತ್ರ, ಅದನ್ನು ಓಡಿಸಲು ನಿಮ್ಮ ಪ್ರೊಸೆಸರ್‌ಗೆ ಬೆವರು ಬರಬಾರದು. ಅದೇ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಆಟವು ಡಿಸ್ಕ್‌ನಿಂದ ಪ್ರಪಂಚವನ್ನು ಓದಿಕೊಳ್ಳುತ್ತಿರುತ್ತದೆ. ವಿಡಿಯೊ ಕೂಡ ನಿಲ್ಲುತ್ತದೆ ಎಂದರೆ ಡಿಸ್ಕ್‌ನ ಬಾಗಿಲಲ್ಲಿ ಸರದಿ ಬೆಳೆದಿದೆ ಎಂದೇ ನನ್ನ ಊಹೆ.

ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್‌ಗಳು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತಿನವು. ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ತುಣುಕು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತೋಳು ಸರಿಯಾದ ಜಾಡಿಗೆ ಸರಿಯಬೇಕು. ಒಂದು ಫ್ರೇಮ್‌ಗೆ ಇರುವ ಒಟ್ಟು ಸಮಯವೇ 16.7 ಮಿಲಿಸೆಕೆಂಡ್ ಆಗಿರುವಾಗ ಚದುರಿದ ಹತ್ತು ತುಣುಕುಗಳನ್ನು ತುರ್ತಾಗಿ ಓದಬೇಕಾದರೆ ಏನಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಆದರೂ ಈ ಆಟ 2015ರಲ್ಲಿ ಬಂದಾಗ ಬಹಳ ಜನ ಹಾರ್ಡ್ ಡಿಸ್ಕ್‌ನಲ್ಲೇ ಆಡಿದರು, ಆದ್ದರಿಂದ ಅದೊಂದೇ ಕಾರಣವೆಂದು ನಂಬಲಾರೆ. ಆಗ ಶಿಫಾರಸಾಗಿದ್ದ ರ‍್ಯಾಮ್ 8 ಜಿಬಿ. ನಿಮ್ಮಲ್ಲೂ ಅಷ್ಟೇ ಇದೆ, ಆದರೆ ಅದರ ಜೊತೆ ಇಂದಿನ ವಿಂಡೋಸ್ ಇದೆ, ಬಹುಶಃ ಹತ್ತು ಟ್ಯಾಬ್‌ಗಳ ಬ್ರೌಸರ್ ಕೂಡ. ರ‍್ಯಾಮ್ ತುಂಬಿದಾಗ ವಿಂಡೋಸ್ ಕೆಲವನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಆಟ ನಡೆಯುವಾಗ ರಿಸೋರ್ಸ್ ಮಾನಿಟರ್‌ನ ಮೆಮೊರಿ ಪುಟದಲ್ಲಿ ‘ಹಾರ್ಡ್ ಫಾಲ್ಟ್ಸ್’ (ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ಓದಬೇಕಾದ ಸಲಗಳು) ಎಷ್ಟಿದೆ ನೋಡಿ. ಪೇಜ್ ಫೈಲ್ ಯಾವ ಡ್ರೈವ್‌ನಲ್ಲಿದೆ ಎಂಬುದನ್ನೂ ನೋಡಿ.

ಕೋಟೆಬಾಗಿಲು

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಪೇಜ್ ಫೈಲ್ ಡಿ ಡ್ರೈವ್‌ನಲ್ಲಿದೆ, ಅಂದರೆ ಆಟವಿರುವ ಅದೇ ಹಾರ್ಡ್ ಡಿಸ್ಕ್‌ನಲ್ಲಿ. ಎರಡು ವರ್ಷಗಳ ಹಿಂದೆ ಎಸ್‌ಎಸ್‌ಡಿ ತುಂಬಿದಾಗ ಜಾಗ ಉಳಿಸಲು ಯಾವುದೋ ವಿಡಿಯೊ ನೋಡಿ ನಾನೇ ಸರಿಸಿದ್ದೆ. ವೇಗದೂತರು ಬೇಸರ ಮಾಡಿಕೊಳ್ಳಬಾರದು, ಅದು ಅಂಥದೇ ಒಂದು ‘ವೇಗ ಹೆಚ್ಚಿಸುವ’ ವಿಡಿಯೊ. ನಗರದ ಬೀದಿಯಲ್ಲಿ ತಿರುಗಿದಾಗಲೆಲ್ಲ ಹಾರ್ಡ್ ಫಾಲ್ಟ್ಸ್ ಸಾವಿರದ ಲೆಕ್ಕದಲ್ಲಿ ಏರುತ್ತದೆ, ಡಿ ಡ್ರೈವ್ ಶೇ. 100ರಲ್ಲಿ ಅಂಟಿಕೊಂಡಿರುತ್ತದೆ.

ಶರಾವತಿ_ದಂಡೆ

ಎರಡನೆಯ ಕಳ್ಳನೂ ಸಿಕ್ಕ. ಒಂದೇ ತೋಳು ಆಟದ ಕಡತಗಳಿಗೂ ಪೇಜ್ ಫೈಲ್‌ಗೂ ಓಡಾಡುತ್ತಿದೆ. ಹಳೆಯ ಫೋಟೊ, ವಿಡಿಯೊಗಳನ್ನು ಡಿ ಡ್ರೈವ್‌ಗೆ ಸಾಗಿಸಿ, ಪೇಜ್ ಫೈಲ್ ಮತ್ತು ಆಟ ಎರಡನ್ನೂ ಎಸ್‌ಎಸ್‌ಡಿಗೆ ತನ್ನಿ. ಹಣ ಖರ್ಚು ಮಾಡುವ ಮನಸ್ಸಿದ್ದರೆ ಒಂದೇ ಕಡೆ ಮಾಡಿ: ಇನ್ನೊಂದು 8 ಜಿಬಿ ರ‍್ಯಾಮ್. ಈಗ ಒಂದೇ ಕಡ್ಡಿ ಇರುವುದಾದರೆ ಲಾಭ ಎರಡು ಪಟ್ಟು. ಡಿಡಿಆರ್4-2666ರ ಒಂದು ಕಡ್ಡಿಯಿಂದ ಸೆಕೆಂಡಿಗೆ ಗರಿಷ್ಠ 21.3 ಜಿಬಿ ಸಾಗುತ್ತದೆ, ಎರಡು ಕಡ್ಡಿ ಹಾಕಿ ಡ್ಯುಯಲ್ ಚಾನೆಲ್ ಆದರೆ 42.7. ಜನಸಂದಣಿಯ ನಗರದಂಥ ಜಾಗದಲ್ಲಿ ಪ್ರೊಸೆಸರ್‌ಗೆ ಇದು ನೇರವಾಗಿ ನೆರವಾಗುತ್ತದೆ.

ಹಳೆಯಯಂತ್ರ

ಇದರ ಜೊತೆಗೆ, ಆಟದ ಲಾಂಚರ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆರಿಸಿ (ಆಟವು ಗ್ರಾಫಿಕ್ಸ್ ಚಿಪ್‌ಗೆ ಆದೇಶ ಕೊಡುವ ವ್ಯವಸ್ಥೆ ಇದು). 2022ರ ಡಿಸೆಂಬರ್ 14ರ ದೊಡ್ಡ ಅಪ್‌ಡೇಟ್‌ನಿಂದ ಬಂದ ಡೈರೆಕ್ಟ್‌ಎಕ್ಸ್ 12 ಇರುವುದು ಮುಖ್ಯವಾಗಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ), ಡಿಎಲ್‌ಎಸ್‌ಎಸ್‌ಗಳಿಗಾಗಿ (ಸಣ್ಣ ಚಿತ್ರವನ್ನು ಎಐ ಮೂಲಕ ದೊಡ್ಡದಾಗಿಸುವ ತಂತ್ರ), ಇವೆರಡೂ ಜಿಟಿಎಕ್ಸ್ 1650ಕ್ಕೆ ನಿಲುಕುವುದಿಲ್ಲ. ಉಪಯೋಗವಿಲ್ಲದ ಭಾರವನ್ನು ಹೊರುವುದೇಕೆ? ಕೂದಲು, ತುಪ್ಪಳವನ್ನು ಎಳೆ ಎಳೆಯಾಗಿ ಬಿಡಿಸುವ ಹೇರ್‌ವರ್ಕ್ಸ್ ಆಫ್ ಇರಲಿ, ‘ಹಿನ್ನೆಲೆ ಪಾತ್ರಗಳ ಸಂಖ್ಯೆ’ ಎಂಬ ಸೆಟ್ಟಿಂಗ್ ಕನಿಷ್ಠಕ್ಕೆ ಇರಲಿ. ನಿಮಗೆ ನಿಜವಾಗಿ ಬೇಕಿದ್ದ ಇಳಿಕೆ ಇದು, ನೆರಳಿನದಲ್ಲ.

ಕೋಟೆಬಾಗಿಲು

ಎಲ್ಲ ಮಾಡಿದೆ. ರ‍್ಯಾಮ್ ಕಡ್ಡಿಯನ್ನು ಬೆಂಗಳೂರಿಗೆ ಹೋಗಿದ್ದ ಅಣ್ಣ ಎಸ್.ಪಿ. ರಸ್ತೆಯಿಂದ ತಂದುಕೊಟ್ಟ. ಬೀದಿ ತಿರುಗುವಾಗಿನ ಎಡವು ಹೋಯಿತು, ಕತೆ ಹೇಳುವ ವಿಡಿಯೊ ಸರಾಗವಾಗಿ ಓಡುತ್ತದೆ, ತುಟಿಯೂ ಧ್ವನಿಯೂ ಜೊತೆಯಾಗಿವೆ. ಗೆರೆ 16.7ರಲ್ಲಿ ಹಗ್ಗ ಎಳೆದಂತಿದೆ.

ಒಂದನ್ನು ಬಿಟ್ಟು. ಆ ಹಗ್ಗದ ಮೇಲೆ ಒಂದೇ ಅಂತರದಲ್ಲಿ ಸಣ್ಣ ಗಂಟುಗಳಿವೆ. ಸುಮ್ಮನೆ ನಿಂತಿದ್ದರೂ ಎರಡೆರಡು ಸೆಕೆಂಡಿಗೊಮ್ಮೆ ಒಂದು ಫ್ರೇಮ್ 40 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮೊದಲೂ ಇದು ಇತ್ತೋ ಏನೋ, ಆ ಗದ್ದಲದಲ್ಲಿ ಕಂಡಿರಲಾರದು.

ಕಡಲಕರೆ

ಗಡಿಯಾರದಂತೆ ಬರುವ ಎಡವು ಆಟದ ಒಳಗಿನದಾಗಿರುವುದು ಅಪರೂಪ. ಯಾವುದೋ ಕಾರ್ಯಕ್ರಮ ಎರಡು ಸೆಕೆಂಡಿಗೊಮ್ಮೆ ಎದ್ದು ಏನನ್ನೋ ಕೇಳುತ್ತಿದೆ. ಹಳೆಯಯಂತ್ರ ಅವರು ಹೇಳಿದ್ದಕ್ಕೆ ಹಾಕಿಕೊಂಡ ಉಷ್ಣಾಂಶದ ಸಾಫ್ಟ್‌ವೇರ್ ಇನ್ನೂ ಓಡುತ್ತಿದೆಯೇ?

ಕೋಟೆಬಾಗಿಲು

ಓಡುತ್ತಿತ್ತು. ಮುಚ್ಚಿದೆ. ಗಂಟುಗಳು ಹೋದವು. ತೆರೆದೆ, ಬಂದವು. ಮೂರು ಬಾರಿ ಮಾಡಿ ನೋಡಿದೆ.

ಹಳೆಯಯಂತ್ರ

ಹಾಗಾದರೆ ಮೂರನೆಯ ಕಳ್ಳನನ್ನು ಮನೆಗೆ ಕಳಿಸಿದವನು ನಾನೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಮತ್ತು ಬ್ಯಾಟರಿಯನ್ನು ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಬಹಳ ನಿಧಾನವಾಗಿ ಉತ್ತರ ಕೊಡುತ್ತದೆ, ಅದನ್ನು ಪ್ರಶ್ನಿಸಿದ ಪ್ರತಿ ಸಲ ಇಡೀ ಯಂತ್ರ ಅರೆಕ್ಷಣ ಕಾಯಬೇಕಾಗುತ್ತದೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಆ ಚಿಪ್‌ನ ಸೆನ್ಸರ್‌ಗಳನ್ನಷ್ಟೇ ಆಫ್ ಮಾಡುವ ಆಯ್ಕೆ ಇರುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಿ ಎಂದು ಅಂದೇ ಬರೆಯಬೇಕಿತ್ತು, ಮರೆತೆ.

ವೇಗದೂತ

ಕೊನೆಯ ಸೆಟ್ಟಿಂಗ್‌ಗಳನ್ನು ಬರೆಯುತ್ತೀರಾ? ನನ್ನ ತಮ್ಮನ ಬಳಿಯೂ ಜಿಟಿಎಕ್ಸ್ 1650 ಇರುವ ಲ್ಯಾಪ್‌ಟಾಪ್ ಇದೆ. ಪೇಜ್ ಫೈಲ್ ಎಲ್ಲಿದೆ ಎಂದು ಅವನನ್ನು ಕೇಳಿದೆ, ಅವನಿಗೆ ಆ ಹೆಸರೇ ಗೊತ್ತಿಲ್ಲ. ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಕೋಟೆಬಾಗಿಲು

ಡೈರೆಕ್ಟ್‌ಎಕ್ಸ್ 11, 1080ಪಿ, ವಿ-ಸಿಂಕ್ ಆನ್, ರಿವಾಟ್ಯೂನರ್‌ನಲ್ಲಿ 60ರ ಬೇಲಿ. ಟೆಕ್ಸ್ಚರ್ ‘ಹೈ’ನಲ್ಲೇ ಇಟ್ಟಿದ್ದೇನೆ, 4 ಜಿಬಿಯೊಳಗೆ ಹಿಡಿಸುವವರೆಗೆ ಅದರಿಂದ ವೇಗಕ್ಕೆ ತೊಂದರೆ ಕಾಣಲಿಲ್ಲ. ನೆರಳು ‘ಮೀಡಿಯಂ’, ಹುಲ್ಲು ಕಾಣುವ ದೂರ ‘ಮೀಡಿಯಂ’, ಹಿನ್ನೆಲೆ ಪಾತ್ರಗಳು ‘ಲೋ’, ಹೇರ್‌ವರ್ಕ್ಸ್ ಆಫ್. ಮಧ್ಯಾಹ್ನ ಆಡುವುದಾದರೆ ಬೇಲಿಯನ್ನು 30ಕ್ಕೆ ಇಳಿಸುತ್ತೇನೆ, ಈ ಊರಿನ ಮೇ ತಿಂಗಳಿಗೆ ಬೇರೆ ಔಷಧ ಇಲ್ಲ. ಲ್ಯಾಪ್‌ಟಾಪ್‌ನ ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದೇನೆ, ಅದರಿಂದಲೇ ಮೂರು ಡಿಗ್ರಿ ಇಳಿದಿದೆ. ಆಟ ತಾನಾಗಿ ಉಳಿತಾಯವಾಗುವ ಕ್ಷಣದಲ್ಲಿ ಈಗಲೂ ಒಂದು ಸಣ್ಣ ಎಡವು ಬರುತ್ತದೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ.